ಮರ ಮನ್ಯಾಗ, ಗಿಡ ಗುಡ್ಡದಾಗ

ಆಕೆ ಸತ್ತ ಮರುದಿನ ಮುಂಜಾನೆ ನನ್ನ ಫೋನಿಗೆ ಒಂದು ಚಿತ್ರ ಬಂತು. ಮಾಸಿದ ಇಳಕಲ್ ಸೀರೆಯ ಮುದುಕಿ, ಕೈಯಲ್ಲಿ ಜೋಳ ಕೇರುವ ಬಿದಿರಿನ ಮೊರ, ಹಿಂದೆ ಸರಕಾರಿ ಆಫೀಸಿನ ಕಬ್ಬಿಣದ ಕಪಾಟು. ಕೆಳಗೆ ಹಸಿರು ಅಕ್ಷರದಲ್ಲಿ ‘ಪರಿಸರಪ್ರೇಮಿ ಅಜ್ಜಿಗೆ ಭಾವಪೂರ್ಣ ಶ್ರದ್ಧಾಂಜಲಿ’ ಎಂದಿತ್ತು. ಕಳಿಸಿದವರು ಯಾರು ಎಂದು ನೋಡಿದೆ. ಮೈಯೆಲ್ಲ ಉರಿದುಹೋಯಿತು. ಇದೇ ಚಿತ್ರವನ್ನು ಇದೇ ಮನುಷ್ಯ ಎರಡು ವರ್ಷದ ಹಿಂದೆ ನಗುವ ಮುಖದ ಚಿಹ್ನೆ ಹಾಕಿ ತಾಲೂಕಿಗೆಲ್ಲ ಹಂಚಿದ್ದ. ಈಗ ನಗುವ ಮುಖ ತೆಗೆದು ಕಣ್ಣೀರಿನ ಮುಖ ಹಾಕಿದ್ದಾನೆ, ಅಷ್ಟೇ.

ಆಕೆ ಪರಿಸರಪ್ರೇಮಿ ಆಗಿರಲಿಲ್ಲ. ಸತ್ತವಳ ಮೇಲೆ ಸುಳ್ಳು ಹೊರಿಸಬೇಡಿ. ಆಕೆಯ ಆಡುಗಳು ನಮ್ಮ ಶಾಲೆಯ ಅಂಗಳದ ಎಳೆಯ ಹೊಂಗೆಗಳನ್ನು ಒಂದೂ ಬಿಡದಂತೆ ಮೇಯ್ದಿದ್ದವು, ಮೇಯಿಸಿದವಳು ಗೇಟಿಗೆ ಒರಗಿ ನಿಂತು ಮೂಗಿಗೆ ತಪಕೀರು ಏರಿಸುತ್ತಿದ್ದಳು. ಹಾವು ಕಂಡರೆ ಹೊಡೆಯುತ್ತಿದ್ದಳು. ಒಲೆ ಹತ್ತಿಕೊಳ್ಳದಿದ್ದರೆ ಪ್ಲಾಸ್ಟಿಕ್ ಚೀಲ ತುರುಕುತ್ತಿದ್ದಳು. ಬೇಲಿಯ ಕಟ್ಟಿಗೆ ಯಾರದೇ ಇರಲಿ, ಕಣ್ಣಿಗೆ ಬಿದ್ದರೆ ಅದು ಆಕೆಯ ಒಲೆಗೆ. ಹಸಿರು ಅಕ್ಷರದ ಜನಕ್ಕೆ ಆಕೆಯನ್ನು ಜೀವಂತ ತೋರಿಸಿದ್ದರೆ ಮೂಗು ಮುಚ್ಚಿಕೊಂಡು ಆಚೆ ದಾಟುತ್ತಿದ್ದರು.

ನಾನು ಕುಷ್ಟಗಿಯವಳು. ಯಲಬುರ್ಗಾ ತಾಲೂಕಿನ ಈ ಗುಡ್ಡದ ಬುಡದ ಊರಿಗೆ ಕನ್ನಡ ಕಲಿಸಲು ಬಂದು ಇಲ್ಲಿಯೇ ಬೇರು ಬಿಟ್ಟವಳು. ನಾನು ಹಿಡಿದ ಬಾಡಿಗೆ ಮನೆಗೂ ಆಕೆಯ ಮನೆಗೂ ಒಂದೇ ಗೋಡೆ. ಗೋಡೆ ಇದ್ದದ್ದು ಹೆಸರಿಗೆ. ಆಕೆ ಮಾತಾಡಿದರೆ ನನ್ನ ಅಡುಗೆಮನೆಯ ಡಬ್ಬಿಗಳು ಸದ್ದು ಮಾಡುತ್ತಿದ್ದವು. ನಾನು ಬಂದ ಮೊದಲ ದಿನವೇ ಗೋಡೆಯ ಆಚೆಯಿಂದ ದನಿ ಬಂತು: “ಏ ಸಾಲಿಯವ್ವಾ, ನಿನ್ನ ಒಗ್ಗರಣಿ ಹೊತ್ತಾಕತ್ತೈತಿ ನೋಡು. ಸಾಲ್ಯಾಗ ಹುಡುಗೂರನ್ನೂ ಹಿಂಗ ಹೊತ್ತಸ್ತೀಯೇನು?” ಅಂದಿನಿಂದ ಆಕೆ ಸಾಯುವ ತನಕ ನಾನು ಸಾಲಿಯವ್ವ.

ನಮ್ಮ ಕಡೆ ಮಾತಿಗೊಮ್ಮೆ ‘ರಿ’ ಹಚ್ಚುವುದು ಉಸಿರಾಡಿದಷ್ಟು ಸಲೀಸು. ಆಕೆ ಮಾತ್ರ ಅದನ್ನು ತುಪ್ಪದ ಹಾಗೆ ಹಿಡಿದು ಹಿಡಿದು ಬಡಿಸುವವಳು. ಊರಗೌಡನಿಗೆ ‘ಏನಲೇ’. ಪಂಚಾಯಿತಿ ಅಧ್ಯಕ್ಷನಿಗೆ ‘ಏನಲೇ’. ಕೊಪ್ಪಳದ ಬಸ್ಸಿನ ಡ್ರೈವರಿಗೆ ‘ನಿಲ್ಲಸಲೇ’. ಆಕೆಯ ಬಾಯಿಂದ ‘ರಿ’ ಕೇಳಬೇಕೆಂದರೆ ಎಮ್ಮೆ ಈಯುವ ಹೊತ್ತಿಗೆ ಹೋಗಬೇಕಿತ್ತು. ಬೇನೆ ತಿನ್ನುವ ಎಮ್ಮೆಯ ಬೆನ್ನು ಸವರುತ್ತ, “ಸ್ವಲ್ಪ ತಡಕೋರಿ ತಾಯಿ, ಆತ್ರಿ, ಇನ್ನೊಂದೀಟು ತಿಣಕ್ರಿ” ಎನ್ನುವಾಗ ಅದು ಅದೇ ಹೆಂಗಸಿನ ದನಿ ಎಂದು ನಂಬಲು ಆಗುತ್ತಿರಲಿಲ್ಲ. ಎಮ್ಮೆಗಳನ್ನು ಬಿಟ್ಟರೆ ಆಕೆ ‘ರಿ’ ಎನ್ನುತ್ತಿದ್ದದ್ದು ಗುಡ್ಡದ ಮೇಲಿನ ಬಸರಿ ಗಿಡಕ್ಕೆ.

ಗಿಡ ಎಂದೆ. ಇದನ್ನು ಓದುವವರು ಮೈಸೂರು ಕಡೆಯವರಾಗಿದ್ದರೆ ತೊಡೆಯೆತ್ತರದ ಪೊದೆಯೊಂದು ಕಣ್ಣ ಮುಂದೆ ಬಂದಿರಬೇಕು. ಅಲ್ಲಿಯೇ ಇದೆ ಈ ಕಥೆಯ ಉರಿ. ನಮ್ಮ ಕಡೆ ಆಕಾಶಕ್ಕೆ ಮುಟ್ಟಿದ್ದೂ ಗಿಡವೇ. ಬೇವಿನ ಗಿಡ, ಹುಣಸಿ ಗಿಡ, ಆಲದ ಗಿಡ. ಮರ ಎಂದರೆ ಕಾಳು ಕೇರುವ ಮೊರ. ಅದು ಅಡುಗೆಮನೆಯ ಗೂಟಕ್ಕೆ ತೂಗುಬಿದ್ದಿರುತ್ತದೆ.

ಕೆಲಸಕ್ಕೆ ಬಂದ ಹೊಸತರಲ್ಲಿ ನಾನು ಪಾಠದ ಪುಸ್ತಕ ಹಿಡಿದು ‘ಕಾಡಿನಲ್ಲಿ ದೊಡ್ಡ ದೊಡ್ಡ ಮರಗಳಿವೆ’ ಎಂದು ಓದಿಸಿದರೆ ಹಿಂದಿನ ಸಾಲಿನಿಂದ ಪ್ರಶ್ನೆ ಬಂತು: “ಅಷ್ಟ ಮರಾ ಯಾರ್ ಒಯ್ದ ಇಟ್ಟಾರ್ರಿ ಅಕ್ಕಾರ? ಕಾಡಿನ್ಯಾಗ ಜ್ವಾಳ ಹಸನ ಮಾಡ್ತಾರೇನ್ರಿ?” ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಸಂಜೆ ಗೋಡೆಯ ಆಚೆಯಿಂದ ವಿಚಾರಣೆ ಶುರುವಾಯಿತು.

“ಏ ಸಾಲಿಯವ್ವಾ, ಗಿಡಕ್ಕ ಮರ ಅನ್ನಬೇಕಂತ ಕಲಸ್ತೀಯಂತ?”

“ಪುಸ್ತಕದಾಗ ಹಂಗ ಐತೆವ್ವಾ. ಪರೀಕ್ಷಾದಾಗ ಹಂಗ ಬರೀಬೇಕು.”

“ಮತ್ತ ಮರಕ್ಕೇನಂತಾರ?”

“ಮೊರ.”

ಆಚೆ ಪಾತ್ರೆಯೊಂದನ್ನು ಕುಕ್ಕಿದ ಸದ್ದು ಕೇಳಿತು. ಆಮೇಲೆ ಬಂತು: “ಆ ಪುಸ್ತಕದವರು ಹೊಟ್ಟಿಗೆ ಏನ ತಿಂತಾರಲೇ, ಇದ್ದದ್ದರ ಹೆಸರೆಲ್ಲಾ ಒಂದ ಮನಿ ಸರಿಸಿ ಇಟ್ಟಾರ.”

ಆ ಬಸರಿ ಗಿಡಕ್ಕೂ ಆಕೆಗೂ ಇದ್ದ ಸಂಬಂಧ ಪ್ರೇಮದ್ದಲ್ಲ, ಕೆಲಸದ್ದು. ಎಮ್ಮೆಯೋ ಆಕಳೋ ಈದ ಮೇಲೆ ಮಾಸು ಬೀಳುತ್ತದಲ್ಲ, ಅದನ್ನು ಹುಲ್ಲಿನಲ್ಲಿ ಸುತ್ತಿ, ಹಳೆಯ ಗೋಣಿತಟ್ಟಿನಲ್ಲಿ ಕಟ್ಟಿ, ಹಾಲು ಸೋರುವ ಗಿಡಕ್ಕೆ ತೂಗುಹಾಕಬೇಕು. ಹಾಗೆ ಮಾಡಿದರೆ ಕೆಚ್ಚಲಿಗೆ ಹಾಲು ಇಳಿಯುತ್ತದೆ, ನಾಯಿ ತಿಂದರೆ ಬತ್ತುತ್ತದೆ ಎಂಬುದು ಇಲ್ಲಿಯವರ ನಂಬಿಕೆ. ಉಳಿದ ಊರುಗಳಲ್ಲಿ ಕೆರೆಯ ದಂಡೆಯ ಆಲಕ್ಕೆ ಕಟ್ಟುತ್ತಾರೆ. ನಮ್ಮೂರಿನವರಿಗೆ ಗುಡ್ಡದ ಬಸರಿಯೇ ಆಗಬೇಕು. ಯಾಕೆಂದು ಕೇಳಿದ್ದಕ್ಕೆ ಆಕೆ ನನ್ನನ್ನು ದಡ್ಡ ಹುಡುಗರನ್ನು ನಾನು ನೋಡುವ ಹಾಗೆ ನೋಡಿದಳು. “ಹೆಸರ ಬಸರಿ ಐತಿ. ಬಸರಿ ಮಾಸ ಬಸರಿಗೇ ಕೊಡಬೇಕು. ಆಲಕ್ಕೇನ ಗೊತ್ತಾಕೈತಿ?”

ಹಾಗೆ ಹೊತ್ತುಕೊಂಡು ಹೋಗುವ ಕೆಲಸ ಆಕೆಯ ಅತ್ತೆಯದು, ಅತ್ತೆ ಸತ್ತ ಮೇಲೆ ಆಕೆಯದು. ಗಂಡ ಬೇಗ ಹೋದ, ಮಕ್ಕಳಾಗಿರಲಿಲ್ಲ. ಇದ್ದದ್ದು ಆಡುಗಳು ಮತ್ತು ಈ ಕೆಲಸ. ಯಾರ ಮನೆಯ ಎಮ್ಮೆ ಈದರೂ, ಗೌಡರ ಓಣಿ ಇರಲಿ ಮಸೂತಿ ಓಣಿ ಇರಲಿ, ಆಕೆಗೆ ಕರೆ ಹೋಗುತ್ತಿತ್ತು. ಗಂಟು ಹೊತ್ತು ಗುಡ್ಡ ಹತ್ತುವಾಗ ಊರಿನ ನಾಯಿಗಳೆಲ್ಲ ಹಿಂದೆ ಬೀಳುತ್ತಿದ್ದವು. ಒಂದು ಕೈಯಲ್ಲಿ ಕೋಲು ಬೀಸುತ್ತ, ಅವುಗಳ ಅಪ್ಪ ಅಜ್ಜಂದಿರನ್ನೆಲ್ಲ ಬೈಯುತ್ತ ಹೋಗುತ್ತಿದ್ದಳು. ಬಂದ ಮೇಲೆ ಆ ಮನೆಯ ಮೊದಲ ಗಿಣ್ಣ ಆಕೆಗೆ. ಬೆಲ್ಲ, ಏಲಕ್ಕಿ ಹಾಕಿ ಕಾಸಿದ ಗಿಣ್ಣವನ್ನು ಕಟ್ಟೆಯ ಮೇಲೆ ಕೂತು ಯಾರಿಗೂ ಒಂದು ತುಂಡು ಕೊಡದೆ ತಿನ್ನುತ್ತಿದ್ದಳು. ನನಗೂ ಕೊಡುತ್ತಿರಲಿಲ್ಲ. “ನೀ ಗುಡ್ಡ ಏರೀಯೇನು?” ಎನ್ನುತ್ತಿದ್ದಳು.

ಒಂದು ಭಾನುವಾರ ಹಟಕ್ಕೆ ಬಿದ್ದು, ಗಂಟು ಹೊತ್ತ ಆಕೆಯ ಹಿಂದೆಯೇ ಏರಿದೆ. ಜಾಲಿ, ಕಳ್ಳಿ, ಕಾದ ಬಂಡೆ. ಕೆಳಗಿನಿಂದ ನೋಡಿದರೆ ಆ ಗುಡ್ಡದ ಮೇಲೆ ಹಸಿರು ಇದೆ ಎಂದು ಯಾರೂ ಹೇಳಲಾರರು. ನೆತ್ತಿಗೆ ಹೋಗುವ ಮುಂಚೆ ಎರಡು ದೊಡ್ಡ ಬಂಡೆಗಳ ನಡುವೆ ಒಂದು ಕೊಳ್ಳವಿದೆ. ಅದನ್ನು ತಿರುಗಿದ ಕೂಡಲೇ ಮೈ ಮೇಲೆ ತಂಪು ಬಿತ್ತು.

ಗಿಡ ಅಲ್ಲಿ ಕೂತಿತ್ತು. ನಿಂತಿತ್ತು ಎನ್ನಲು ಬರುವುದಿಲ್ಲ, ಬಂಡೆಯ ಮೇಲೆ ಕಾಲು ಚಾಚಿ ಕೂತಿತ್ತು. ಬೇರುಗಳು ಕಲ್ಲಿನ ಮೈ ಮೇಲೆ ಹರಿದು, ಸಂದು ಸಿಕ್ಕಲ್ಲಿ ಒಳಗೆ ಇಳಿದಿದ್ದವು. ಮನೆಯಷ್ಟು ದೊಡ್ಡ ಬಂಡೆಯೊಂದು ನಟ್ಟನಡುವೆ ಸೀಳಿತ್ತು. “ಮೊದಲ ಇದು ಒಂದ ಕಲ್ಲಂತ. ಇವರು ಬಂದು ಕುಂತ ಮ್ಯಾಲ ಎರಡಾತಂತ,” ಎಂದಳು ಆಕೆ, ದನಿ ತಗ್ಗಿಸಿ. ಬುಡದ ಪೊಟರೆಯಲ್ಲಿ ಕರಡಿ ಮರಿ ಹಾಕುತ್ತಿತ್ತಂತೆ. ಒಂದು ಮಗ್ಗುಲಿನ ಟೊಂಗೆಯನ್ನು ಸಿಡಿಲು ಸುಟ್ಟಿತ್ತು, ಸುಟ್ಟ ಜಾಗದಲ್ಲೇ ತಾಮ್ರದ ಬಣ್ಣದ ಚಿಗುರು. ನಿಜಾಮನ ಆಳಿಕೆಯ ಕೊನೆಯ ದಿನಗಳಲ್ಲಿ ಊರ ಹೆಂಗಸರೆಲ್ಲ ಮಕ್ಕಳನ್ನು ಕಟ್ಟಿಕೊಂಡು ಬಂದು ಅದರ ಕೆಳಗೆ ಅಡಗಿದ್ದರು ಎಂದು ಆಕೆಯ ಅತ್ತೆ ಹೇಳುತ್ತಿದ್ದಳಂತೆ. ಬರ ಬಿದ್ದ ವರ್ಷ ಅದರ ಹಣ್ಣನ್ನೇ ಕುದಿಸಿ ಕುಡಿದರಂತೆ.

ಟೊಂಗೆ ಟೊಂಗೆಗೂ ಗಂಟುಗಳು ತೂಗುತ್ತಿದ್ದವು. ಹಸಿಯವು, ಒಣಗಿದವು, ಬರೀ ಗೋಣಿಯ ಚಿಂದಿ ಉಳಿದವು. ಇನ್ನೂ ಹಳೆಯವು ಹಗ್ಗವಾಗಿ ಮಾತ್ರ ಉಳಿದಿದ್ದವು, ಆ ಹಗ್ಗಗಳನ್ನು ತೊಗಟೆ ನುಂಗಿತ್ತು. ಅಂಥ ಒಂದು ಹಗ್ಗದ ತುದಿಯನ್ನು ಮುಟ್ಟಿ, “ಇದು ನಮ್ಮತ್ತಿ ಕಟ್ಟಿದ್ದು,” ಎಂದಳು. ಅದಕ್ಕೂ ಮೇಲೆ, ತೊಗಟೆಯಲ್ಲಿ ಬರೀ ಗೆರೆಯಾಗಿ ಉಳಿದದ್ದನ್ನು ತೋರಿಸಿ, “ಅದು ಆಕಿ ಅತ್ತಿದಿರಬೇಕು,” ಎಂದಳು. ಪುಣ್ಯಸ್ಥಳ, ಪ್ರಶಾಂತ ವಾತಾವರಣ ಎಂದೆಲ್ಲ ಬರೆಯುವವರು ಅಲ್ಲಿ ಮೂಗು ಬಿಟ್ಟು ಐದು ನಿಮಿಷ ನಿಂತಿದ್ದರೆ ಗೊತ್ತಾಗುತ್ತಿತ್ತು. ನಾತ ಅಂದರೆ ನಾತ. ನಾನು ಸೆರಗು ಮೂಗಿಗೆ ಹಿಡಿದೆ. ಆಕೆ ಗಂಟು ಕಟ್ಟಿ, ಕೆಳಗಿಳಿದು, ಬೊಡ್ಡೆಯನ್ನು ಎರಡು ಸಲ ತಟ್ಟಿ, “ಬರ್ತೀನ್ರಿ,” ಎಂದು ಹೊರಟಳು.

ಆಮೇಲೆ ನಮ್ಮ ಕಡೆಯ ಗುಡ್ಡಗಳ ಮೇಲೆಲ್ಲ ಗಾಳಿ ಫ್ಯಾನುಗಳು ಬಂದವು. ಕರೆಂಟು ಮಾಡುವ ಆ ದೊಡ್ಡ ಫ್ಯಾನುಗಳು. ನಾನು ಅವುಗಳ ವಿರೋಧಿ ಅಲ್ಲ. ನನ್ನ ಮನೆಯಲ್ಲೂ ಬಲ್ಬು ಇದೆ. ನಮ್ಮ ಗುಡ್ಡದ ನೆತ್ತಿಗೂ ಫ್ಯಾನು ಬರುತ್ತದೆ, ಅದರ ರೆಕ್ಕೆ ಹೊತ್ತ ಉದ್ದನೆಯ ಲಾರಿ ಮೇಲೇರಲು ದಾರಿ ಮಾಡುತ್ತಾರೆ, ಆ ದಾರಿ ಕೊಳ್ಳದಲ್ಲೇ ತಿರುಗುತ್ತದೆ ಎಂದು ಸುದ್ದಿಯಾಯಿತು. ದಾರಿಯನ್ನು ಇನ್ನೊಂದು ಮಗ್ಗುಲಿನಿಂದ ಒಯ್ಯಲು ಜಾಗ ಬೇಕಾದಷ್ಟಿತ್ತು. ಆದರೆ ಸುತ್ತು ಹೆಚ್ಚು.

ಜಾಗ ನೋಡಲು ತಾಲೂಕಿನ ಸರಕಾರಿ ಆಫೀಸಿನವರು ಬಂದ ದಿನ ನಾನು ಶಾಲೆಯಲ್ಲಿದ್ದೆ. ಬಿಸಿಲಿಗೆ ಗುಡ್ಡ ಏರದೆ ಬುಡದಲ್ಲಿ ಜೀಪಿನ ನೆರಳಿಗೆ ನಿಂತು, ಮೇಲೆ ದಿನಾ ಹೋಗುವವರು ಯಾರು ಎಂದು ಕೇಳಿದರಂತೆ. ಊರವರು ಆಕೆಯನ್ನು ಕರೆದುತಂದರು. ಸಾಹೇಬ ದಕ್ಷಿಣದ ಕಡೆಯವನು, ಹೊಸಬ. ಬರೆದುಕೊಳ್ಳುತ್ತಿದ್ದ ಗುಮಾಸ್ತ ನಮ್ಮ ಕಡೆಯವನು. ಸಂಜೆ ಆಕೆ ಹಿತ್ತಲ ಗೋಡೆಯ ಮೇಲಿನಿಂದ ತಲೆ ಹಾಕಿ ಹುರುಪಿನಿಂದ ಅದೆಲ್ಲವನ್ನೂ ಹೇಳಿದಳು.

“ಛಲೋ ಹುಡುಗ ಅದಾನ ಸಾಹೇಬ. ನನಗ ಅಜ್ಜಿ ಅಂದ. ದಾರಿ ಹೋಗೂ ಕಡೆ ಮರ ಇದೆಯಾ ಅಜ್ಜಿ ಅಂತ ಕೇಳಿದ. ಮರ ಗುಡ್ಡದಾಗ ಯಾಕ ಇರ್ತೈತೋ ತಮ್ಮಾ, ಮರ ಮನ್ಯಾಗ ಐತಿ ಅಂದೆ. ಮತ್ತ ಅಲ್ಲಿ ಏನಿದೆ ಅಂದ. ಗಿಡ ಐತಿ, ಒಂದ ಗಿಡ, ಅದರ ಸುದ್ದಿಗೆ ಹೋಗಬ್ಯಾಡೋ ಅಂದೆ. ಎಲ್ಲಾ ಬರಕೊಂಡ್ರು. ಹೆಬ್ಬಟ್ಟು ಒತ್ತಿಸಿಕೊಂಡ್ರು. ಇನ್ನ ಯಾರೂ ಮುಟ್ಟಂಗಿಲ್ಲ ಸಾಲಿಯವ್ವಾ.”

ಏನು ಬರೆದುಕೊಂಡಿರುತ್ತಾರೆ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಮರ ಇಲ್ಲ. ಒಂದು ಗಿಡ ಇದೆ. ಬಾಯಿಂದ ಬಂದದ್ದು ಅದೇ, ಬರೆದದ್ದೂ ಅದೇ, ಒಂದಕ್ಷರ ಸುಳ್ಳಿಲ್ಲ. ಮರ ಕಡಿಯಲು ಒಪ್ಪಿಗೆ ಬೇಕು, ಗಿಡಗಂಟಿ ಸವರಲು ಯಾವ ಒಪ್ಪಿಗೆ?

ಆಕೆಗೆ ಬಿಡಿಸಿ ಹೇಳಿದೆ. ಮೊದಲು ನಂಬಲಿಲ್ಲ. “ಅಷ್ಟ ಓದಿದವರಿಗೆ ಗಿಡ ಅಂದ್ರ ತಿಳಿಯಂಗಿಲ್ಲೇನು?” ಎಂದಳು. ಆಮೇಲೆ ಒಳಗೆ ಹೋದಳು. ಮರುದಿನ ಮುಂಜಾನೆ ತಾಲೂಕಿನ ಬಸ್ಸಿಗೆ ನನ್ನ ಜೊತೆ ನಿಂತಾಗ ಕಂಕುಳಲ್ಲಿ ತನ್ನ ಮನೆಯ ಮೊರ ಇತ್ತು. ಇದ್ಯಾಕೆ ಎಂದರೆ, “ಮಾತಿನ್ಯಾಗ ತಿಳಿಯದಿದ್ದರ ಕಣ್ಣಿಗೆ ತೋರಸ್ತೀನಿ,” ಎಂದಳು.

ಆಫೀಸಿನಲ್ಲಿ ಸಾಹೇಬ ಎದ್ದು ನಿಂತು ಕುರ್ಚಿ ಕೊಟ್ಟ. ಆಕೆ ಕೂಡಲಿಲ್ಲ. ಮೊರವನ್ನು ಅವನ ಟೇಬಲ್ಲಿನ ಮೇಲೆ, ಗಾಜಿನ ಮೇಲೆ, ಇಟ್ಟಳು. ಅದರ ಸಂದಿನಲ್ಲಿದ್ದ ಜೋಳದ ಹೊಟ್ಟು ಗಾಜಿನ ಮೇಲೆ ಉದುರಿತು.

“ಇದು ಮರ,” ಎಂದಳು. “ಇದರಾಗ ಜ್ವಾಳ ಹಸನ ಮಾಡ್ತೀವ್ರಿ. ಗುಡ್ಡದಾಗ ಇರೂದು ಗಿಡ. ನಿಮ್ಮ ಮಾತಿನ್ಯಾಗ ಅದಕ್ಕ ಮರ ಅಂತೀರಂತ. ಅನ್ನಕೋರಿ. ಅದನ್ನ ಮರ ಅಂತ ಬರಕೋರಿ, ಇದನ್ನ ಏನರ ಅನ್ರಿ, ಬೇಕಾದರ ಇದನ್ನ ಇಲ್ಲೇ ಇಟ್ಟಕೋರಿ. ಅದನ್ನ ಬಿಡ್ರಿ.”

ಆಕೆಯ ಬಾಯಲ್ಲಿ ಮನುಷ್ಯನೊಬ್ಬನಿಗೆ ‘ರಿ’ ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಒಂದು ಗಿಡದ ಸಲುವಾಗಿ ಆಕೆ ತನ್ನಲ್ಲಿದ್ದ ಅಷ್ಟೂ ಮರ್ಯಾದೆಯನ್ನು ಆ ಟೇಬಲ್ಲಿನ ಮೇಲೆ ಸುರಿದಳು. ಆಫೀಸು ನಕ್ಕಿತು. ಪಕ್ಕದ ಕೋಣೆಯವರೂ ಬಂದು ನಕ್ಕರು. ಗುಮಾಸ್ತ, “ಅಜ್ಜಿ, ಮರ ಕೈಯಾಗ ಹಿಡ್ಕೊಂಡ ನಿಲ್ಲು,” ಎಂದು ಫೋನಿನಲ್ಲಿ ಚಿತ್ರ ತೆಗೆದ. ಫೋಟೋ ತೆಗೆದರೆ ಕೆಲಸ ಆಯಿತು ಎಂದುಕೊಂಡ ಆಕೆ ಬೆನ್ನು ನೆಟ್ಟಗೆ ಮಾಡಿ ನಿಂತಳು. ಚಹಾ ಬಂತು. ಸಾಹೇಬ, “ನೋಡ್ತೀವಿ ಅಜ್ಜಿ, ಮತ್ತೊಮ್ಮೆ ಪರಿಶೀಲನೆ ಮಾಡಿಸ್ತೀವಿ,” ಎಂದ. ಮಾತು ಬೆಣ್ಣೆ.

ಆ ಸಾಹೇಬನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವನಿಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಗರಜೂ ಇರಲಿಲ್ಲ, ಅಂಥವರು ಬರುತ್ತಾರೆ, ಹೋಗುತ್ತಾರೆ. ನನ್ನ ಹೊಟ್ಟೆಯ ಉರಿ ಇರುವುದು ಬರೆದುಕೊಂಡವನ ಮೇಲೆ. ಅವನು ನನ್ನ ಕುಷ್ಟಗಿ ತಾಲೂಕಿನವನು. ಅವನ ಅವ್ವ ಮರದಲ್ಲಿ ಜೋಳ ಕೇರಿದ್ದಾಳೆ. ಅವನು ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿ ಆಡಿದ್ದಾನೆ. ಅಜ್ಜಿ ಏನು ಹೇಳುತ್ತಿದ್ದಾಳೆ ಎಂದು ಆ ಬಿಸಿಲಿನಲ್ಲಿ ನಿಂತವರ ಪೈಕಿ ಪೂರ್ತಿ ತಿಳಿದ ಒಬ್ಬನೇ ಒಬ್ಬ ಅವನು. ‘ಸಾಹೇಬ್ರ, ಇಲ್ಲಿ ಗಿಡ ಅಂದ್ರ ಮರ’ ಎಂಬ ಒಂದು ಮಾತು ಅವನ ನಾಲಗೆಗೆ ಭಾರವಾಯಿತು.

ಹೊರಗೆ ಮೆಟ್ಟಿಲ ಮೇಲೆ ಅವನನ್ನು ತಡೆದು ಕೇಳಿದೆ: “ನಿಮ್ಮ ಮನ್ಯಾಗ ಗಿಡಕ್ಕ ಏನಂತೀರಿ?”

“ಮನ್ಯಾಗ ಗಿಡಾನ ಅಂತೀವ್ರಿ ಅಕ್ಕಾರ,” ಎಂದ, ಒಂದಿಷ್ಟೂ ನಾಚದೆ. “ಆದರ ಆಫೀಸಿನ್ಯಾಗ ಗಿಡ ಅಂದ್ರ ಗಿಡಾನ. ಆಕಿ ಏನ ಹೇಳಿದ್ಲೋ ಅದನ್ನ ಬರದೀನಿ. ನಾ ಏನರ ಕೈಯಿಂದ ಹಾಕಿದ್ರ ಅದು ತಪ್ಪಾಕೈತ್ರಿ.”

ಎಂಥ ಪ್ರಾಮಾಣಿಕ ಮನುಷ್ಯ ನೋಡಿ. ಅವನ ಬಾಯಿಗೆ ಮಣ್ಣು ಬೀಳಲಿ ಎಂದು ನಾನು ಅಲ್ಲಿಯೇ ಬೈದೆ. ಶಾಲೆಯ ಅಕ್ಕಾರು ಹಾಗೆ ಬೈಯಬಾರದಂತೆ. ಮೇಲಿನವರಿಗೆ ದೂರು ಹೋಗಿ ನನಗೆ ಒಂದು ನೋಟೀಸು ಬಂತು. ಗಿಡದ ಬಗ್ಗೆ ನಾವು ಕೊಟ್ಟ ಅರ್ಜಿಗೆ ಉತ್ತರ ಇವತ್ತಿಗೂ ಬಂದಿಲ್ಲ.

ಮತ್ತೊಮ್ಮೆ ಪರಿಶೀಲನೆಗೆ ಯಾರೂ ಬರಲಿಲ್ಲ. ಯಲಬುರ್ಗಾದ ಸಂತೆಯ ದಿನ, ಊರು ಅರ್ಧ ಖಾಲಿ ಇದ್ದಾಗ, ಗುಡ್ಡದಿಂದ ಗರಗಸದ ಮೋಟಾರಿನ ಸದ್ದು ಕೇಳಿತು. ನಾನು ಮಕ್ಕಳನ್ನು ಬಿಟ್ಟು ಓಡಿದೆ. ಆಕೆ ನನಗಿಂತ ಮೊದಲೇ ಏರಿದ್ದಳು, ಆ ವಯಸ್ಸಿನಲ್ಲಿ, ಬರಿಗಾಲಿನಲ್ಲಿ. ನಾವು ಮುಟ್ಟುವ ಹೊತ್ತಿಗೆ ಮುಗಿದುಹೋಗಿತ್ತು. ಬೊಡ್ಡೆಯ ಕೊಯ್ದ ಮುಖದಿಂದ ಹಾಲು ಸುರಿದು ಬಂಡೆಯ ಮೇಲೆ ಹರಿಯುತ್ತಿತ್ತು. ಗಂಟುಗಳೆಲ್ಲ ನೆಲಕ್ಕೆ ಬಿದ್ದು ಒಡೆದಿದ್ದವು, ನಾಯಿಗಳು ಎಳೆದಾಡುತ್ತಿದ್ದವು. ಆಕೆ ನಾಯಿಗಳನ್ನು ಬೈಯಲಿಲ್ಲ.

ಗರಗಸ ಹಿಡಿದವನು ದೂರದ ರಾಜ್ಯದ ಕೂಲಿಯಾಳು. ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ನಾನು ಅವನ ಮೇಲೆ ಹರಿಹಾಯ್ದೆ. ಆಕೆ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. “ಬಿಡ ಸಾಲಿಯವ್ವಾ. ಇವಗ ನಮ್ಮ ಮಾತ ಗೊತ್ತಿಲ್ಲ. ಗೊತ್ತಿದ್ದಾಂವ ಆಫೀಸಿನ್ಯಾಗ ಫ್ಯಾನಿನ ಕೆಳಗ ಕುಂತಾನ,” ಎಂದಳು. ಸೊಂಟದ ಚೀಲದಿಂದ ನೀರಿನ ಬಾಟಲಿ ತೆಗೆದು ಅವನಿಗೇ ಕೊಟ್ಟಳು. ಅವನು ಕುಡಿದ. ನನಗೆ ಆ ಗಳಿಗೆಯಲ್ಲಿ ಆಕೆಯ ಮೇಲೂ ಸಿಟ್ಟು ಬಂತು.

ಗಿಡ ಬಿದ್ದದ್ದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ಗುಮಾಸ್ತ ಹಂಚಿದ ಚಿತ್ರ ಊರಿನ ಫೋನುಗಳಿಗೂ ಬಂತು. ‘ಮರ ತಂದ ಅಜ್ಜಿ’ ಎಂದು ಅದರ ಕೆಳಗೆ. ಕಟ್ಟೆಯ ಮೇಲೆ ಕೂತ ಗಂಡಸರು, ಯಾರ ಮನೆಯ ಮಾಸನ್ನು ಆಕೆ ತಲೆಯ ಮೇಲೆ ಹೊತ್ತಿದ್ದಳೋ ಆ ಮನೆಗಳ ಗಂಡಸರು, ಆಕೆ ದಾಟುವಾಗ, “ಆಕೀನ ಹೇಳ್ಯಾಳಪಾ ಮರ ಇಲ್ಲಂತ. ಹೆಬ್ಬಟ್ಟು ಆಕೀದ,” ಎನ್ನತೊಡಗಿದರು. ಗುಡ್ಡದ ಬುಡದ ಹೊಲಗಳಿಗೆ ಗಾಳಿ ಫ್ಯಾನಿನ ಕಂಪನಿಯಿಂದ ಬಾಡಿಗೆ ಎಣಿಸಿಕೊಂಡವರು ಇವರೇ. ಅದರ ಮಾತು ಯಾರೂ ಎತ್ತಲಿಲ್ಲ. ತಪ್ಪು ಹೊರಲು ಒಂದು ತಲೆ ಬೇಕಿತ್ತು, ಹೊತ್ತು ರೂಢಿ ಇದ್ದ ತಲೆ ಸಿಕ್ಕಿತು.

ಹಿಂದಿನ ಆಕೆಯಾಗಿದ್ದರೆ ಆ ಕಟ್ಟೆಯ ಮೇಲಿನವರ ಏಳು ತಲೆಮಾರನ್ನು ನೆಲಕ್ಕೆ ಇಳಿಸುತ್ತಿದ್ದಳು. ಈಗ ಸುಮ್ಮನೆ ದಾಟಿದಳು. ನನ್ನ ಅಡುಗೆಮನೆಯ ಡಬ್ಬಿಗಳು ಸದ್ದು ಮಾಡುವುದು ನಿಂತಿತು. ಇನ್ನೊಂದನ್ನು ಗಮನಿಸಲು ನನಗೆ ಸ್ವಲ್ಪ ದಿನ ಹಿಡಿಯಿತು. ಆಕೆ ‘ಗಿಡ’ ಎಂಬ ಮಾತನ್ನು ಬಿಟ್ಟಿದ್ದಳು. ಬೇವಿನ ಗಿಡಕ್ಕೆ ‘ಬೇವು’ ಎನ್ನುವಳು. ಹುಣಸೆ ಗಿಡಕ್ಕೆ ‘ಆ ಹುಣಸಿ’. ಗುಡ್ಡದ್ದಕ್ಕೆ ‘ಅದು’. ಬಾಯಲ್ಲಿ ಆ ಶಬ್ದ ಬರುವ ಜಾಗಕ್ಕೆ ಬಂದರೆ ತಡೆದು, ಸುತ್ತು ಹಾಕಿ ಹೋಗುವಳು.

ಪರಿಸರ ದಿನಕ್ಕೆ ಕಂಪನಿಯವರು ನಮ್ಮ ಶಾಲೆಗೆ ಸಸಿ ತಂದರು. ಬ್ಯಾನರಿನ ಮೇಲೆ ‘ಗಿಡ ನೆಡಿ’ ಎಂದಿತ್ತು. ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಯುವಕ ಮಕ್ಕಳಿಗೆ, “ಅಭಿವೃದ್ಧಿಗಾಗಿ ಒಂದು ಗಿಡ ಹೋದರೆ ನಾವು ಹತ್ತು ಗಿಡ ಕೊಡ್ತೀವಿ,” ಎಂದ. ಗೇಟಿಗೆ ಒರಗಿ ನಿಂತಿದ್ದ ಆಕೆ ಅಲ್ಲಿಂದಲೇ ಕೇಳಿದಳು: “ಹತ್ತು ಕೂಸು ಕೂಡಿಸಿದ್ರ ಒಬ್ಬ ಮುದುಕಿ ಆಕ್ಕಾಳೇನಪಾ?” ಯುವಕನಿಗೆ ಅರ್ಥವಾಗಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು, ಅವರಿಗೆ ತಟ್ಟಲು ಹೇಳಿಕೊಟ್ಟಿದ್ದರು. ಆ ಸಸಿಗಳನ್ನು ಆಕೆಯ ಆಡುಗಳು ವಾರದೊಳಗೆ ತಿಂದು ಮುಗಿಸಿದವು. ಅದೊಂದು ಸಲ ಗೇಟನ್ನು ನಾನೇ ತೆಗೆದಿಟ್ಟಿದ್ದೆ.

ಆದರೆ ಎಮ್ಮೆಗಳಿಗೆ ಕಂಪನಿ, ಆಫೀಸು ಗೊತ್ತಿರುವುದಿಲ್ಲ. ಅವು ಈದೇ ಈಯುತ್ತವೆ. ಮಸೂತಿ ಓಣಿಯ ಖಾಜಾಬಿಯ ಮನೆಯ ಎಮ್ಮೆ ಈದಿತು, ಕರೆ ಬಂತು. ಆಕೆ ಗಂಟು ಕಟ್ಟಿಕೊಂಡು ಹೊರಟಳು. ಎಲ್ಲಿಗೆ ಎಂದು ಯಾರಿಗೂ ತಿಳಿಯಲಿಲ್ಲ. ಹೊಸ ದಾರಿ ಹಿಡಿದು ಗುಡ್ಡ ಏರಿ, ಕೊಳ್ಳದ ತಿರುವಿನಲ್ಲಿ ಬೊಡ್ಡೆ ಇದ್ದ ಜಾಗಕ್ಕೆ ಹೋದಳು. ಅಲ್ಲಿ ಈಗ ಕಂಪನಿಯ ತಂತಿಬೇಲಿ. ಮಾಸನ್ನು ಆ ತಂತಿಗೆ ತೂಗುಹಾಕಿ ಬಂದಳು. ಕಾವಲುಗಾರ ಕೇಳಿದ್ದಕ್ಕೆ, “ಅದು ಇದ್ದ ಜಾಗಾದಾಗ ಏನೈತೋ ಅದಕ್ಕ ಕಟ್ಟೀನಿ,” ಎಂದಳಂತೆ. ಅವನು ಕಿತ್ತೆಸೆದರೆ ಮುಂದಿನ ಎಮ್ಮೆಯದನ್ನು ಮತ್ತೆ ಕಟ್ಟಿದಳು. ನಾತ ತಡೆಯಲಾಗದೆ ಕಂಪನಿಯವರು ಪಂಚಾಯಿತಿಗೆ ದೂರು ಕೊಟ್ಟರು. ಕರೆಸಿ ಬೈದರು. ಬೈಸಿಕೊಂಡು ಬಂದು ಮತ್ತೆ ಕಟ್ಟಿದಳು. ಗೇಟಿನಲ್ಲಿ ಬಂದುಹೋದವರನ್ನು ಬರೆಯುವ ಪುಸ್ತಕದಲ್ಲಿ ‘ಅಜ್ಜಿ, ಹೊಲಸು ಕಟ್ಟಲು’ ಎಂದು ಕಾವಲುಗಾರ ಬರೆದಿಡುತ್ತಿದ್ದ. ಅವನೂ ಈ ಕಡೆಯವನೇ, ಹಿಟ್ನಾಳದವನು.

ಕೊನೆಯ ದಿನಗಳಲ್ಲಿ ಜ್ವರ ಹಿಡಿದು ಮಲಗಿದಳು. ನಾನು ಗಂಜಿ ಒಯ್ಯುತ್ತಿದ್ದೆ. ಗಂಜಿಯಲ್ಲಿ ಉಪ್ಪು ಕಡಿಮೆ ಎಂದು ಬೈಸಿಕೊಳ್ಳುವ ಆಸೆ ನನಗೆ. ಬೈಯಲಿಲ್ಲ. ಒಂದು ಮಧ್ಯಾಹ್ನ ಗೂಟಕ್ಕೆ ತೂಗುಬಿದ್ದ ಮೊರವನ್ನೇ ನೋಡುತ್ತ ಕೇಳಿದಳು.

“ನಾ ತಪ್ಪ ಹೇಳಿದ್ನೇನ ಸಾಲಿಯವ್ವಾ?”

“ಇಲ್ಲವ್ವಾ. ನೀ ಖರೇ ಹೇಳಿದಿ.”

“ಮತ್ತ ಅದು ಯಾಕ ಹೋತ?”

ಇಷ್ಟು ವರ್ಷ ಕನ್ನಡ ಕಲಿಸಿದವಳು ನಾನು. ಗಂಜಿಯ ಬಟ್ಟಲು ಹಿಡಿದು ಕೂತೆ. ಮೂರನೆಯ ದಿನ ಆಕೆ ಹೋದಳು. ಹೆಣದ ಹಿಂದೆ ಕಟ್ಟೆಯ ಗಂಡಸರೂ ಬಂದರು, ಬರದೆ ಏನು, ಊರ ಮುಖ ಉಳಿಯಬೇಕಲ್ಲ. ಊರಿನ ನಾಯಿಗಳೆಲ್ಲ ಬಂದವು. ಆಕೆ ಎಲ್ಲಿಗಾದರೂ ಹೊರಟರೆ ಹಿಂದೆ ಹೋಗಬೇಕು ಎಂದು ಅವುಗಳಿಗೆ ಗೊತ್ತಿತ್ತು.

ಇದಾಗಿ ಹನ್ನೊಂದು ದಿನ ಕಳೆದಿರಲಿಲ್ಲ, ಖಾಜಾಬಿ ನನ್ನ ಬಾಗಿಲಲ್ಲಿ ನಿಂತಳು. ಅವಳ ಎರಡನೆಯ ಎಮ್ಮೆ ಈದಿತ್ತು. ಗೋಣಿಯ ಗಂಟು ಅಂಗಳದ ಗೂಟದ ತುದಿಯಲ್ಲಿತ್ತಂತೆ, ಕೆಳಗೆ ನಾಯಿಗಳು. “ಇದನ್ನ ಯಾರ ಕಟ್ಟಬೇಕ್ರಿ ಅಕ್ಕಾರ ಈಗ?” ಎಂದಳು. ನಾನು ಚಪ್ಪಲಿ ಮೆಟ್ಟಿದೆ.

ಗಂಟು ತೋರುವುದಕ್ಕಿಂತ ಭಾರ. ಸೆರಗಿಗೆ ನೀರು ಸೋರಿತು, ಕೊರಳಿಗೆ ಇಳಿಯಿತು. ನಾಯಿಗಳು ಹಿಂದೆ ಬಿದ್ದವು. ಅವುಗಳನ್ನು ಬೈಯಲು ನೋಡಿದೆ, ಆಕೆಯ ಹಾಗೆ ಬರಲಿಲ್ಲ. ಕೊಳ್ಳದ ತಿರುವಿಗೆ ಬಂದಾಗ ನೆತ್ತಿಯ ಫ್ಯಾನು ದೊಡ್ಡ ಸದ್ದು ಮಾಡುತ್ತ ತಿರುಗುತ್ತಿತ್ತು. ನೆರಳು ಎಲ್ಲಿಯೂ ಇರಲಿಲ್ಲ. ಸೀಳಿದ ಬಂಡೆ ಮಾತ್ರ ಹಾಗೆಯೇ ಎರಡಾಗಿ ಬಿದ್ದಿತ್ತು. ತಂತಿಗೆ ಹಗ್ಗ ಬಿಗಿದು ಗಂಟು ಹಾಕುವಾಗ ಕಾವಲುಗಾರ ಪುಸ್ತಕ ಹಿಡಿದು ಓಡಿಬಂದ.

“ಅಕ್ಕಾರ, ನೀವೂನ? ಆ ಅಜ್ಜಿ ಏನೋ ತಿಳೀಲಾರದಾಕಿ. ನೀವು ಓದಿದವರು.”

“ಬರಕೋ,” ಎಂದೆ.

“ಏನಂತ ಬರಕೊಳ್ಳಲ್ರಿ?”

“ಗಿಡಕ್ಕ ಮಾಸ ಕಟ್ಟಾಕ ಬಂದಿದ್ರು ಅಂತ ಬರಿ.”

ಅವನು ಬೇಲಿಯ ಕಡೆ ನೋಡಿದ, ಬೋಳು ಬಂಡೆಯ ಕಡೆ ನೋಡಿದ. ಪೆನ್ನು ಎತ್ತಿದ, ನಿಲ್ಲಿಸಿದ. “ಇಲ್ಲಿ ಗಿಡ ಎಲ್ಲೈತ್ರಿ ಅಕ್ಕಾರ?” ಎಂದ.

“ಹೌದಲ್ಲ, ಎಲ್ಲೈತಿ? ಅದನ್ನ ನಿಮ್ಮವರಿಗೆ ಕೇಳು. ನೀ ಈಗ ಬರಿ. ಗಿಡ ಅಂತನ ಬರಿ. ಆಕಿ ಹೇಳಿದ್ದು ತಪ್ಪಲ್ಲ.”

ಅವನು ಬರೆದ. ನಾನು ಅವನ ಭುಜದ ಮೇಲಿನಿಂದ ಬಗ್ಗಿ, ಕಾಗುಣಿತ ಸರಿ ಇದೆಯೋ ಇಲ್ಲವೋ ಎಂದು ನೋಡಿದೆ. ಸರಿ ಇತ್ತು. ಬೊಡ್ಡೆ ಇದ್ದ ಜಾಗವನ್ನು ಎರಡು ಸಲ ತಟ್ಟಿದೆ. ಬರ್ತೀನ್ರಿ ಎಂದೆ.